ಗ್ಯಾರಿ ಕಿಲ್ಡಾಲ್: ತಂತ್ರಾಂಶವನ್ನು ಯಂತ್ರದ ಹಂಗಿನಿಂದ ಬಿಡಿಸಿದವರು

ಮೊಬೈಲ್ ಫೋನಿಗೆ ಆ್ಯಪ್ ರಚಿಸುವ ಇಂದಿನ ತಂತ್ರಜ್ಞರಿಗೆ ಆ ಫೋನಿನೊಳಗೆ ಯಾವ ಸಂಸ್ಥೆಯ ಪರದೆಯಿದೆ, ಯಾವ ಚಿಪ್ ಇದೆ ಎಂಬ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ಆ ಹೊಣೆಯನ್ನು ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಹೊತ್ತಿರುತ್ತದೆ. ಮೈಕ್ರೊಪ್ರೊಸೆಸರ್ ಯುಗದ ಆರಂಭದಲ್ಲೇ ಈ ಅನುಕೂಲವನ್ನು ಸಾಧ್ಯವಾಗಿಸಿದವರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಅಗ್ರಗಣ್ಯರು.

ಕಿಲ್ಡಾಲ್ ಜನಿಸಿದ್ದು 1942ರ ಮೇ 19ರಂದು, ಸಿಯಾಟಲ್ ನಗರದಲ್ಲಿ. ಅವರ ಮನೆತನದವರು ನೌಕಾಯಾನ ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದರು. ಗಣಿತದ ಅಧ್ಯಾಪಕರಾಗುವ ಆಸೆಯಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಅವರನ್ನು ಗಣಕ ವಿಜ್ಞಾನ ಸೆಳೆಯಿತು. 1972ರಲ್ಲಿ ಆ ವಿಷಯದಲ್ಲಿಯೇ ಡಾಕ್ಟರೇಟ್ ಪಡೆದರು. ಆ ವೇಳೆಗೆ ಅವರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಬೋಧಕರಾಗಿದ್ದರು.

1971ರಲ್ಲಿ ಇಂಟೆಲ್ ಸಂಸ್ಥೆಯ 4004 ಮೈಕ್ರೊಪ್ರೊಸೆಸರ್ ಮಾರುಕಟ್ಟೆಗೆ ಬಂತು. ಲೆಕ್ಕ ಮಾಡುವ ಪುಟ್ಟ ಕ್ಯಾಲ್ಕುಲೇಟರ್‌ಗಾಗಿ ರೂಪುಗೊಂಡಿದ್ದ ಈ ಚಿಪ್‌ಗಳನ್ನು ಬೇರೆ ಯಂತ್ರಗಳ ಒಡಲಲ್ಲಿ ಅಡಗಿಸುವ ನಿಯಂತ್ರಕಗಳೆಂದೇ ಹಲವರು ಭಾವಿಸಿದ್ದರು. ಅವುಗಳಲ್ಲಿ ಪೂರ್ಣ ಪ್ರಮಾಣದ ಗಣಕವನ್ನು ಕಂಡ ಕಿಲ್ಡಾಲ್ ಇಂಟೆಲ್‌ಗೆ ಸಲಹೆಗಾರರಾದರು. ಯಂತ್ರಭಾಷೆಯ ಸಮೀಪದಲ್ಲೇ ತಿಣುಕುತ್ತಿದ್ದ ತಂತ್ರಾಂಶ ರಚನಕಾರರಿಗಾಗಿ 1973ರಲ್ಲಿ ಪಿಎಲ್/ಎಂ ಎಂಬ ಉನ್ನತ ಸ್ತರದ ಭಾಷೆಯನ್ನು ರೂಪಿಸಿದರು.

ಮರುವರ್ಷವೇ ಅವರು ಅದೇ ಭಾಷೆಯಲ್ಲಿ ಫ್ಲಾಪಿ ಡಿಸ್ಕ್ ನಿರ್ವಹಿಸುವ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿದರು. ಅದರ ಹೆಸರು ಸಿಪಿ/ಎಂ. ಇಂಟೆಲ್ ಅದರಲ್ಲಿ ಆಸಕ್ತಿ ತೋರಲಿಲ್ಲ. ಹೀಗಾಗಿ ಪತ್ನಿ ಡೊರೊಥಿ ಅವರೊಡನೆ ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ಕಟ್ಟಿ ತಾವೇ ಮಾರಾಟಕ್ಕಿಳಿದರು.

ಆಗ ಒಬ್ಬೊಬ್ಬ ತಯಾರಕರ ಗಣಕವೂ ಒಂದೊಂದು ಬಗೆಯಾಗಿತ್ತು. ಪ್ರತಿ ಯಂತ್ರಕ್ಕೂ ವ್ಯವಸ್ಥೆಯನ್ನು ಹೊಸದಾಗಿ ಬರೆಯುವುದು ಅಸಾಧ್ಯದ ಮಾತು. ಕಿಲ್ಡಾಲ್ ಯಂತ್ರಾಂಶವನ್ನು ಅವಲಂಬಿಸಿದ ಭಾಗವನ್ನೆಲ್ಲ ಬೇರ್ಪಡಿಸಿ, ಬಯೋಸ್ ಎಂಬ ಚಿಕ್ಕ ಪದರದಲ್ಲಿ ಇರಿಸಿದರು. ತಯಾರಕರು ಆ ಪದರವನ್ನಷ್ಟೇ ತಿದ್ದಿದರೆ ಸಾಕು. ಉಳಿದ ವ್ಯವಸ್ಥೆ, ಅದರ ಮೇಲಿನ ತಂತ್ರಾಂಶಗಳು ಬಹುಮಟ್ಟಿಗೆ ಹಾಗೆಯೇ ನಡೆಯುತ್ತಿದ್ದವು. ಒಮ್ಮೆ ಬರೆದುದನ್ನು ಹಲವು ಯಂತ್ರಗಳಿಗೆ ಮಾರುವ ಉದ್ಯಮಕ್ಕೆ ಇದು ದಾರಿ ತೆರೆಯಿತು.

1980ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗಾಗಿ ಕಿಲ್ಡಾಲ್ ಅವರ ಬಾಗಿಲಿಗೆ ಬಂತು. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಡೊರೊಥಿ ಹಿಂಜರಿದರು. ಮಾತುಕತೆ ಫಲಿಸಲಿಲ್ಲ. ಕಿಲ್ಡಾಲ್ ವಿಮಾನ ಹಾರಿಸುವ ಮೋಜಿನಲ್ಲಿ ಅವಕಾಶ ಕಳೆದುಕೊಂಡರೆಂಬ ಕಥೆ ಹಬ್ಬಿತಾದರೂ, ಅಂದು ಅವರು ಹೊರಟಿದ್ದು ವ್ಯವಹಾರದ ಕೆಲಸಕ್ಕೆ. ಸಿಪಿ/ಎಂ ಮಾದರಿಯನ್ನೇ ಅನುಸರಿಸಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯನ್ನು ಮೈಕ್ರೊಸಾಫ್ಟ್ ಪಡೆದು ಐಬಿಎಂಗೆ ಒದಗಿಸಿತು. ಮುಂದೆ ಐಬಿಎಂ ಎರಡನ್ನೂ ಮಾರಿತು. ಆದರೆ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ ಬೆಲೆ 240 ಡಾಲರ್. ಸ್ಪರ್ಧೆಯ ಫಲಿತಾಂಶ ಅಲ್ಲಿಯೇ ನಿರ್ಧಾರವಾಗಿತ್ತು.

ಡಿಜಿಟಲ್ ರಿಸರ್ಚ್ ಬಳಿಕ ಅಂಗಡಿಗಳ ಬಿಲ್ಲಿಂಗ್ ಯಂತ್ರ, ಕಾರ್ಖಾನೆಗಳ ನಿಯಂತ್ರಣ ಮುಂತಾದ ಕಾರ್ಯಗಳಿಗೆ ಫ್ಲೆಕ್ಸ್‌ಓಎಸ್ ರೂಪಿಸಿತು. 1991ರಲ್ಲಿ ಸಂಸ್ಥೆ ನೋವೆಲ್ ಪಾಲಾಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಕಿಲ್ಡಾಲ್ 1994ರ ಜುಲೈ 11ರಂದು ನಿಧನ ಹೊಂದಿದರು. ಆಗ ಅವರಿಗೆ 52 ವರ್ಷ.

ಆಂಡ್ರಾಯ್ಡ್ ಸಿಪಿ/ಎಂನ ನೇರ ಸಂತತಿಯಲ್ಲ. ಆದರೆ 2017ರಲ್ಲಿ ಅದರ ಎಂಟನೆಯ ಆವೃತ್ತಿ ಬಂದಾಗ, ಚಿಪ್ ತಯಾರಕರ ಭಾಗವನ್ನು ಮೂಲ ವ್ಯವಸ್ಥೆಯಿಂದ ಸ್ಪಷ್ಟವಾಗಿ ಬೇರ್ಪಡಿಸಲಾಯಿತು. ಹೊಸ ಆವೃತ್ತಿಗಳು ಫೋನುಗಳಿಗೆ ಬೇಗ ತಲುಪಲೆಂಬುದೇ ಅದರ ಉದ್ದೇಶ. ನಾಲ್ಕು ದಶಕಗಳ ಹಿಂದೆ ಕಿಲ್ಡಾಲ್ ಬಿಡಿಸಿದ್ದ ಗಂಟೂ ಇದೇ ಬಗೆಯದು. ಪೆಸಿಫಿಕ್ ಗ್ರೋವ್‌ನಲ್ಲಿನ ಅವರ ಹಳೆಯ ಕಚೇರಿಯೆದುರು 2014ರಲ್ಲಿ ಐಇಇಇ ಸ್ಮಾರಕ ಫಲಕವನ್ನಿಟ್ಟಿತು. ಸಂಪತ್ತಿನ ಸಿಂಹಪಾಲು ಇತರರಿಗೆ ಸಂದರೂ, ಅವರು ತೋರಿದ ಹಾದಿಯಲ್ಲೇ ತಂತ್ರಾಂಶಲೋಕ ಇಂದಿಗೂ ಸಾಗಿದೆ.