ಬೆಳಕಿನ ಬೆನ್ನುಹತ್ತಿದ ರಾಮನ್

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಚಂದ್ರಶೇಖರ ವೆಂಕಟರಾಮನ್ನರು ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. 1888ರಲ್ಲಿ ತಿರುಚಿನಾಪಳ್ಳಿಯ ಬಳಿ ಜನಿಸಿದ ರಾಮನ್ನರು ಕಲ್ಕತ್ತೆಯಲ್ಲಿ ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದರು. ಕಚೇರಿಯ ಮೊದಲೂ ಅನಂತರವೂ ಅವರ ವಾಸ ಪ್ರಯೋಗಶಾಲೆಯಲ್ಲಿ. 1917ರಲ್ಲಿ ಹೆಚ್ಚಿನ ಸಂಬಳವನ್ನು ತೊರೆದು ಪ್ರಾಧ್ಯಾಪಕರಾದರು.

1928ರ ಫೆಬ್ರವರಿ 28ರಂದು ಅವರ ಶ್ರಮ ಫಲಿಸಿತು. ದ್ರವದ ಮೂಲಕ ಹಾಯ್ದು ಚದರಿದ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣ ಬದಲಿಸಿಕೊಂಡಿರುತ್ತದೆ. ಕಂಪಿಸುವ ಅಣುವು ಬೆಳಕಿನಿಂದ ತನ್ನ ಪಾಲಿನ ಶಕ್ತಿಯನ್ನು ಪಡೆದುದೇ ಅದಕ್ಕೆ ಕಾರಣ. ಎಷ್ಟು ಬದಲಾಯಿತೆಂದು ಅಳೆದರೆ ಅಣುವಿನ ಒಳಗುಟ್ಟು ತಿಳಿಯುತ್ತದೆ. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಬೆಂಗಳೂರಿನ ಬಾಳು ಹೂವಿನ ಹಾಸಿಗೆಯಾಗಲಿಲ್ಲ. ಆಡಳಿತದೊಡನೆ ವಿರಸ ಬೆಳೆದು 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ದೋಷವೆಲ್ಲ ಒಂದೇ ಕಡೆಯದೆನ್ನಲಾಗದು. ರಾಮನ್ನರ ನಾಲಗೆಯೂ ಹರಿತವಾಗಿತ್ತು. ಆದರೆ ಪದವಿ ಹೋದರೂ ಪ್ರಯೋಗಶಾಲೆಯನ್ನು ಅವರು ಬಿಡಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಸ್ಫಟಿಕದ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬ ವಿಷಯದಲ್ಲಿ ಮ್ಯಾಕ್ಸ್ ಬಾರ್ನ್‌ರೊಡನೆ ದೀರ್ಘಕಾಲ ವಾದಿಸಿದರು. ಆ ವಾದದಲ್ಲಿ ಬಾರ್ನ್‌ರ ಪಕ್ಷವೇ ನಿಂತಿತು.

ರಾಮನ್ನರ ಸಿದ್ಧಾಂತ ಸೋತಲ್ಲಿಯೂ ಅವರ ವಿಧಾನ ಮುಂದೆ ಸಾಗಿತು. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಕಬ್ಬಿಣದ ಫ್ಲೋರೈಡ್ ಸ್ಫಟಿಕದ ಮೇಲೆ ಬೆಳಕು ಚೆಲ್ಲಿ, ಅದರೊಳಗಿನ ಕಾಂತೀಯ ಅಲೆಗಳನ್ನೇ ಗುರುತಿಸಿದರು.

ಇನ್ನೂ ಸೋಜಿಗದ ಸ್ಫಟಿಕಗಳಿವೆ. ಅರಕಲಗೂಡು, ಹೊಳೆನರಸೀಪುರಗಳ ಕಡೆಯ ಮಕ್ಕಳು ಜೇನುಹುಟ್ಟಿನ ಆರು ಮೂಲೆಯ ಕೋಣೆಗಳನ್ನು ಕಂಡಿರಬಹುದು. ಅಂಥ ಮೂಲೆಮೂಲೆಯಲ್ಲಿಯೂ ಒಂದೊಂದು ಪುಟ್ಟ ಕಾಂತವಿದೆಯೆಂದು ಭಾವಿಸಿರಿ. ಮೂವರು ನೆರೆಯವರು ಅದನ್ನು ಮೂರು ದಿಕ್ಕಿಗೆ ಎಳೆದರೆ, ಮೂವರು ಬೀಗರ ನಡುವೆ ಸಿಕ್ಕಿದ ಮನೆಯ ಯಜಮಾನನಂತೆ ಎಲ್ಲರನ್ನೂ ಮೆಚ್ಚಿಸಲಾರದೆ ಅದು ಪರದಾಡುತ್ತದೆ. ಶೀತವು ಪರಮಾವಧಿಯನ್ನು ಮುಟ್ಟಿದರೂ ಕ್ವಾಂಟಂ ನಿಯಮದಿಂದ ಈ ಕಾಂತಗಳು ಪೂರ್ತಿ ನಿಶ್ಚಲವಾಗುವುದಿಲ್ಲ. ನಡುಕ ಮಿತಿಮೀರಿದರೆ, ಸಾಲುಗಟ್ಟಿ ನಿಲ್ಲುವ ಅವುಗಳ ಶಿಸ್ತೇ ಕರಗಿಹೋಗುತ್ತದೆ. ರುಥೇನಿಯಂ ಕ್ಲೋರೈಡೆಂಬ ಇಂಥದೊಂದು ಸ್ಫಟಿಕದಲ್ಲಿ ಆ ನಡುಕದ ಗುರುತನ್ನು 2015ರಲ್ಲಿ ಪ್ರಕಟಪಡಿಸಿದವರು ಬಳಸಿದ್ದು ರಾಮನ್ನರ ವಿಧಾನವನ್ನೇ.

ಅದನ್ನು ಕಾಣಲು ರಾಮನ್ನರು ಇರಲಿಲ್ಲ. ತಾವು ಕಟ್ಟಿದ ಸಂಶೋಧನಾಲಯದ ಆವರಣದಲ್ಲಿ 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಅಲ್ಲಿನ ತೋಟದಲ್ಲಿಯೇ ಅವರ ದಹನವಾಯಿತು. ಆ ಸ್ಥಳದಲ್ಲಿ ಗೋರಿಯಿಲ್ಲ, ಮಂಟಪವಿಲ್ಲ, ಒಂದು ಮರವಿದೆ.