ಕೊಡಗಿನ ಗೌರಮ್ಮನವರು

ಗಾಳಿಬೀಡಿನಲ್ಲಿ ಕಕ್ಕಡದ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಇಳಿಯುವುದೂ ದುಸ್ತರ. ಅಂಥ ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಒಲೆಯ ಬದಿಯಲ್ಲಿ ಕುಳಿತು ಓದಲು ತಕ್ಕ ಪುಸ್ತಕ ಯಾವುದೆಂದು ಊರಿನ ತಾಯಂದಿರು ನನ್ನನ್ನು ಕೇಳಿದ್ದುಂಟು. ನಾನು ಪ್ರತಿಸಲವೂ ಗೌರಮ್ಮನವರ ‘ಕಂಬನಿ’ಯನ್ನೇ ಹೇಳಿದ್ದೇನೆ. ಒಮ್ಮೆ ಒಬ್ಬ ತಾಯಿ ಅದನ್ನು ಓದಿ ಹಿಂದಕ್ಕೆ ತಂದುಕೊಟ್ಟು, ಪ್ರೇಮದ ಮಾತು ಹುಡುಗಿಯರಿಗೇಕೆ ಎಂದು ಕೇಳಿದರು. ಆ ದಿನ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಅವರಿಗಾಗಿಯೂ ಅವರಂತೆ ಯೋಚಿಸುವ ಇತರ ತಾಯಿತಂದೆಗಳಿಗಾಗಿಯೂ ಈ ಚರಿತ್ರೆಯನ್ನು ಬರೆಯುತ್ತಿದ್ದೇನೆ.

ಗೌರಮ್ಮನವರು ೧೯೧೨ನೆಯ ಇಸವಿಯಲ್ಲಿ, ನಮ್ಮೂರಿಗೆ ಕೆಲವೇ ಮೈಲಿ ದೂರದ ಮಡಿಕೇರಿಯಲ್ಲಿ ಜನಿಸಿದರು. ತಂದೆ ಎನ್. ಎಸ್. ರಾಮಯ್ಯನವರು. ಆಗ ಕೊಡಗು ಆಂಗ್ಲರ ನೇರ ಆಡಳಿತದಲ್ಲಿ, ಒಬ್ಬ ಚೀಫ್ ಕಮಿಷನರರ ಕೈಕೆಳಗಿದ್ದ ಸಣ್ಣ ಪ್ರಾಂತ. ಹೆಣ್ಣುಮಕ್ಕಳು ಪಾಠಶಾಲೆಯ ಮೆಟ್ಟಿಲು ಹತ್ತುವುದೇ ವಿರಳವಾಗಿದ್ದ ಕಾಲದಲ್ಲಿ ಅವರು ಮಡಿಕೇರಿಯಲ್ಲಿ ಓದುಬರಹ ಕಲಿತರು. ಇನ್ನೂ ಎಳೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಪತಿ ಬಿ. ಟಿ. ಗೋಪಾಲಕೃಷ್ಣ ಅವರು ಶುಂಠಿಕೊಪ್ಪದ ಸಮೀಪದ ಗುಂಡುಕುಟ್ಟಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ಅಧಿಕಾರಿಗಳಾಗಿದ್ದರು.

ವಿವಾಹದಿಂದ ಆಕೆಯ ಓದು ನಿಂತುಹೋಗಲಿಲ್ಲ. ಬೇರೆ ಎಷ್ಟೋ ಮನೆಗಳಲ್ಲಿ ನಿಂತುಹೋಗುತ್ತಿತ್ತಾದ್ದರಿಂದ ಈ ಸಂಗತಿಯನ್ನು ಎತ್ತಿ ಹೇಳಬೇಕು. ತೋಟದ ಬಂಗಲೆಯಲ್ಲಿ ಅವರು ಪುಸ್ತಕಗಳನ್ನು ಓದಿದರು, ಟೆನ್ನಿಸ್ ಆಡಿದರು, ಹೊಳೆಯಲ್ಲಿ ಈಜಿದರು, ಕಥೆಗಳನ್ನು ಬರೆದರು. ಕಥೆಗಳು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಹೊರಬಿದ್ದುವು. ‘ಪುನರ್ವಿವಾಹ’ ಎಂಬುದು ಮೊದಲ ಬರಹಗಳಲ್ಲೊಂದು.

೧೯೩೪ರ ಫೆಬ್ರವರಿಯಲ್ಲಿ ಗಾಂಧಿಯವರು ಹರಿಜನ ನಿಧಿಗಾಗಿ ಸಂಚರಿಸುತ್ತ ಕೊಡಗಿಗೆ ಬಂದು ಮಂಜುನಾಥಯ್ಯನವರಲ್ಲಿ ಇಳಿದುಕೊಂಡಿದ್ದರು. ತಮ್ಮ ಮನೆಗೂ ಅವರು ಬರಬೇಕೆಂಬುದು ಗೌರಮ್ಮನವರ ಆಸೆ. ಅದಕ್ಕಾಗಿ ಅವರು ಉಪವಾಸ ಕುಳಿತರು! ಎಳೆಯ ತರುಣಿ, ಉಪವಾಸವನ್ನೇ ಆಯುಧವಾಗಿ ಹಿಡಿದಿದ್ದ ವೃದ್ಧನ ಮೇಲೆ ಅದೇ ಆಯುಧವನ್ನು ಪ್ರಯೋಗಿಸಿದುದನ್ನು ನೆನೆದಾಗಲೆಲ್ಲ ನನಗೆ ನಗು ಬರುವುದು. ಗಾಂಧಿಯವರು ಬಂದರು. ಆಕೆ ತಮ್ಮ ಚಿನ್ನದ ಒಡವೆಗಳನ್ನು ನಿಧಿಗೆ ಒಪ್ಪಿಸಿದರು.

ಇನ್ನು ಕಥೆಗಳ ಮಾತು. ಹೆಣ್ಣಿನ ಪ್ರೇಮವನ್ನು ಹೆಣ್ಣೇ ಹೇಳುವುದು ಕನ್ನಡಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವಚನಗಳಲ್ಲಿ ಕರೆದಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದು, ಸತಿಯ ಕರ್ತವ್ಯವನ್ನು ಹೇಳುತ್ತಲೇ ಹೆಣ್ಣನ್ನು ಕೀಳೆನ್ನುವವರನ್ನು ಗದರಿಸಿದಳು. ಒಬ್ಬಳ ಪ್ರೇಮ ದೇವರ ಕಡೆಗೆ, ಮತ್ತೊಬ್ಬಳ ಮಾತು ಧರ್ಮದ ಕಡೆಗೆ. ನೆರೆಮನೆಯ ಹುಡುಗಿ ನೆರೆಮನೆಯ ಮನುಷ್ಯನನ್ನು ಮೆಚ್ಚಿ, ಮೆಚ್ಚಿದ್ದಕ್ಕಾಗಿ ಪಡುವ ಸಂಕಟ ಮಾತ್ರ ಅಡಿಗೆಮನೆಯಲ್ಲಿಯೇ ಉಳಿದಿತ್ತು. ಗೌರಮ್ಮನವರು ಅದನ್ನು ಗದ್ಯಕ್ಕೆ ತಂದರು. ಅವರು ಕವಿಯಲ್ಲ. ಆದರೂ ಹಿಂದೆ ಹಾಡಿನಲ್ಲಿ ಮಾತ್ರ ಹೇಳಬಹುದಾಗಿದ್ದ ಮಾತು ಅವರ ಸಣ್ಣ ಸಣ್ಣ ವಾಕ್ಯಗಳಲ್ಲಿದೆ.

ಅವರ ಕಥೆಗಳಲ್ಲಿ ಬಾಲವಿಧವೆಯರು ಮತ್ತೆ ಮತ್ತೆ ಬರುತ್ತಾರೆ. ವಿಧವೆಯ ಮದುವೆಗೆ ಕಾನೂನು ಒಪ್ಪಿಗೆಯಿತ್ತುದು ೧೮೫೬ರಲ್ಲಿ. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ ೧೯೩೦ರಲ್ಲಿ ಜಾರಿಗೆ ಬಂದಿತು. ನಮ್ಮ ಕೊಡವರಲ್ಲಿ ವಿಧವೆಯ ಮರುಮದುವೆಗೆ ಕೂಡಾವಳಿಯೆಂಬ ಸಂಪ್ರದಾಯವೇ ಉಂಟು. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಬ್ರಾಹ್ಮಣರ ಮನೆಯಲ್ಲಿ, ಗಂಡನ ಮುಖವನ್ನೇ ಸರಿಯಾಗಿ ನೋಡದ ಹುಡುಗಿ ಜೀವಮಾನವೆಲ್ಲ ಮೂಲೆ ಸೇರಬೇಕಾಗಿತ್ತು. ಗೌರಮ್ಮನವರು ಬರೆದುದು ಆ ಮೂಲೆಯನ್ನು. ‘ಅಪರಾಧಿ ಯಾರು?’ ಎಂಬ ಕಥೆಯ ಹೆಸರನ್ನೇ ನೋಡಿರಿ. ಹಾಳಾದ ಬಾಳಿಗೆ ಹೊಣೆ ಯಾರೆಂಬ ತೀರ್ಪನ್ನು ಲೇಖಕಿ ಕೊಡದೆ ಓದುವವರ ಕೈಗೆ ಬಿಟ್ಟಿದ್ದಾರೆ. ‘ವಾಣಿಯ ಸಮಸ್ಯೆ’, ‘ಆಹುತಿ’, ‘ಮನುವಿನ ರಾಣಿ’ ಇವೂ ಹೆಸರಾದ ಕಥೆಗಳು. ಇವುಗಳಲ್ಲಿ ಪ್ರೇಮವಿದೆ, ಚೆಲ್ಲುತನವಿಲ್ಲ. ಕೆಲವು ಕಥೆಗಳು ತೀರ ಚುಟುಕಾದುವೆಂದೂ ಅಕಸ್ಮಾತ್ತಾಗಿ ಮುಗಿಯುವುವೆಂದೂ ನನಗೆ ತೋರಿದೆ. ಬರೆಯಲು ಅವರಿಗೆ ದೊರೆತ ಕಾಲವೇ ಅಷ್ಟು.

೧೯೩೯ನೆಯ ಏಪ್ರಿಲ್ ೧೩ರಂದು ಅವರು ಹೊಳೆಯ ಸುಳಿಗೆ ಸಿಕ್ಕಿ ಮುಳುಗಿಹೋದರು. ವಯಸ್ಸು ಇಪ್ಪತ್ತೇಳು. ತನ್ನ ಬಲಕ್ಕೆ ಒಗ್ಗಿದ ನೀರೇ ಆಕೆಯನ್ನು ಸೆಳೆದುಕೊಂಡಿತು. ಮನೆಯಲ್ಲಿ ಎಳೆಯ ಮಗನಿದ್ದನು.

ಅವರ ಬರಹಗಳು ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿ ಉಳಿದಿವೆ. ಎಲ್ಲ ಸೇರಿ ಇಪ್ಪತ್ತೊಂದು ಕಥೆ. ಧಾರವಾಡದ ದ. ರಾ. ಬೇಂದ್ರೆಯವರು ‘ಕಂಬನಿ’ಗೆ ಮುನ್ನುಡಿ ಬರೆದರಲ್ಲದೆ, ಆಕೆಯನ್ನು ತಂಗಿಯೆಂದು ಕರೆದು ಶೋಕಗೀತವೊಂದನ್ನು ರಚಿಸಿದರು. ಕವಿತೆ ಬರೆಯದವಳಿಗೆ ಕವಿತೆ ಹೀಗೆ ಒದಗಿತು.

ಪತಿಯ ಹೆಸರಿನ ಮರೆಯಲ್ಲಿ ಬರೆದವರನ್ನು ಕನ್ನಡಿಗರು ಈಗ ಕರೆಯುವುದು ಆಕೆಯ ಸ್ವಂತ ಹೆಸರಿನಿಂದ, ಅದರ ಮುಂದೆ ನಮ್ಮ ನಾಡಿನ ಹೆಸರನ್ನು ಸೇರಿಸಿ. ಕೊಡಗಿನ ಲೇಖಕಿಯರಿಗೆ ಆಕೆಯ ಹೆಸರಿನ ದತ್ತಿ ಪ್ರಶಸ್ತಿಯೊಂದುಂಟು. ೨೦೨೩ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿ ಅವರು ಆಕೆಯ ಕಥೆಗಳನ್ನು ಇಂಗ್ಲಿಷಿಗೆ ತಂದರು. ಪುಸ್ತಕವನ್ನು ಹಿಂದಕ್ಕೆ ತಂದುಕೊಟ್ಟ ಆ ತಾಯಿಯ ಮಗಳು ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದು ‘ಕಂಬನಿ’ಯನ್ನು ಕೇಳಿದಳು. ಕೊಟ್ಟಿದ್ದೇನೆ, ಇನ್ನೂ ಹಿಂದಕ್ಕೆ ಬಂದಿಲ್ಲ.