ಪ್ರೇಮಪತ್ರ ನಿಷಿದ್ಧವಾಗಿದ್ದ ಶಾಲೆಯಲ್ಲಿ

ಫೆಬ್ರುವರಿ 14 ಸಮೀಪಿಸಿ ರಾಜಾಜಿನಗರದ ಅಂಗಡಿಗಳಲ್ಲಿ ಕೆಂಪು ಹೃದಯದ ಕಾರ್ಡುಗಳು ತೂಗತೊಡಗಿದಾಗ ನನಗೆ ನೆನಪಾಗುವವಳು ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್‌ಸನ್. 1830ರಲ್ಲಿ ಜನಿಸಿದ ಆಕೆ 1847ರಲ್ಲಿ ಮೌಂಟ್ ಹೋಲಿಯೋಕ್ ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಮರುವರ್ಷ ಪ್ರೇಮಿಗಳ ದಿನದಂದು ಸಂಸ್ಥಾಪಕಿ ಮೇರಿ ಲಯನ್ ಸಭಾಂಗಣದಲ್ಲಿ ಎದ್ದು ನಿಂತು, ಯಾರೂ ವ್ಯಾಲೆಂಟೈನ್ ಪತ್ರ ಕಳುಹಿಸಕೂಡದೆಂದು ವಿಧಿಸಿದರು. ಅವರ ಸ್ವಭಾವ ಬಲ್ಲ ಹಳೆಯ ವಿದ್ಯಾರ್ಥಿನಿಯರು ರಜೆಯಲ್ಲೇ ಬರೆದಿಟ್ಟಿದ್ದರು. ಅಂದು ಬೆಳಿಗ್ಗೆಯೇ ಸುಮಾರು 150 ಪತ್ರಗಳು ರವಾನೆಯಾಗಿದ್ದವು! ತಪ್ಪಿತಸ್ಥರ ಹೆಸರು ತಿಳಿಯಲು ಶಿಕ್ಷಕಿಯೊಬ್ಬರು ಅಂಚೆ ಕಚೇರಿಗೇ ಧಾವಿಸಿದರು. ಇದನ್ನೆಲ್ಲ ಅಣ್ಣನಿಗೆ ಬರೆದು ತಿಳಿಸಿದ ಎಮಿಲಿ, ತಾನು ಒಂದನ್ನೂ ಬರೆದಿಲ್ಲವೆಂದಳು; ತನಗೊಂದು ಬಂದೀತೆಂಬ ಆಸೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಲಯನ್‌ರನ್ನು ನಾನು ಹಳಿಯಲಾರೆ. ಹೆಣ್ಣಿಗೆ ಉನ್ನತ ಶಿಕ್ಷಣವೇ ದುರ್ಲಭವಾಗಿದ್ದ 1837ರಲ್ಲಿ ಶಾಲೆ ಕಟ್ಟಿದವರಿಗೆ ಅದರ ಮರ್ಯಾದೆಯ ಚಿಂತೆ ಕಾಡಿದ್ದರೆ ಅಚ್ಚರಿಯಿಲ್ಲ. ಆದರೆ ಹದಿನೇಳರ ಆ ಹುಡುಗಿಯ ಕಾತರವೂ ಸುಳ್ಳಲ್ಲ. ಒಂದೇ ವರ್ಷದಲ್ಲಿ ಆಕೆ ಶಾಲೆ ಬಿಟ್ಟಳು. 1852ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಆಕೆಯ ಮೊದಲ ಕವಿತೆ ಒಂದು ವ್ಯಾಲೆಂಟೈನ್, ಅದರಡಿ ಹೆಸರಿರಲಿಲ್ಲ. ಬರಬರುತ್ತ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ ಎಮಿಲಿ 1886ರಲ್ಲಿ ತೀರಿಕೊಂಡಾಗ, ಜಗತ್ತು ಕಾಣದ ನೂರಾರು ಕವಿತೆಗಳು ತಂಗಿಯ ಕೈಗೆ ದೊರೆತವು.